ಅವ್ವನ ಸೆರಗು, ಮಗಳ ಜಾಕೀಟು

ಅವ್ವನ ಇಳಕಲ್ ಸೀರೆ ಟ್ರಂಕಿನಲ್ಲೇ ಇತ್ತು. ಮಡಿಕೆಯಲ್ಲೆಲ್ಲ ಸೀಳು. ಕೌದಿಗೆ ಹಾಕೂಣು ಅಂದೆ. “ಮಮ್ಮಿ, ಜೀನ್ಸ್ ಮ್ಯಾಲ ಹಾಕ್ಕೊಳ್ಳಾಕ ಜಾಕೀಟ್ ಹೊಲದ ಕೊಡು” ಅಂದಳು ಮಗಳು. ಕತ್ತರಿ ಹಿಡಿದ ಕೈ ನಡುಗಿತು.

ಅದರ ಒಡಲು ಹತ್ತಿ, ತೋಪ್ ತೆನಿ ಸೆರಗು ರೇಷ್ಮೆ. ಮಗ್ಗಕ್ಕೆ ಹೂಡುವಾಗಲೇ ಎರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಒಡಲು ಸೋತಿತ್ತು, ಸೆರಗು ಗಟ್ಟಿಯಿತ್ತು. ಬೆಳಕಿಗೆ ಹಿಡಿದು, ಸವೆದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅಷ್ಟನ್ನು ಬಿಟ್ಟು ಕತ್ತರಿಸಿದೆ. ಜಗ್ಗಾಟ ರೇಷ್ಮೆ ಮೇಲೆ ಬೀಳದಂತೆ ಮೆತ್ತನೆಯ ಹತ್ತಿ ಅಸ್ತರ ಕೊಟ್ಟು, ಸಡಿಲಾಗಿ ಹೊಲಿದೆ.

ಹಾಕಿಕೊಂಡು ಮಗಳು ಕಾಲೇಜಿಗೆ ಹೊರಟಾಗ, ಚಿಕ್ಕೋಡಿ ಸಂತೆಗೆ ಹೊರಟ ಅವ್ವನೇ ಕಂಡಳು. ಉಳಿದ ಒಡಲು ಕೌದಿಗಾಯಿತು.