ಲುಂಗಿಗೊಂದು ಕಿಸೆ ಹಚ್ಚೋಣ, ಸಿಂಪಿಗರಿಗೊಂದು ಕೆಲಸ ಕೊಡೋಣ

ಹಾರೂಗೇರಿ ಕ್ರಾಸಿನಲ್ಲಿ ಬಸ್ಸು ಹತ್ತುವಾಗ ನಮ್ಮ ಗೆಳೆಯನ ಮೊಬೈಲ್ ಬಿತ್ತು. ಆತ ಲುಂಗಿ ಉಟ್ಟಿದ್ದ, ಮೊಬೈಲನ್ನು ಸೊಂಟದ ಮಡಿಕೆಯಲ್ಲಿ ಸಿಕ್ಕಿಸಿದ್ದ. ಒಂದು ಕೈಯಲ್ಲಿ ಬಸ್ಸಿನ ಕಂಬಿ, ಇನ್ನೊಂದು ಕೈಯಲ್ಲಿ ಜಾರುವ ಲುಂಗಿ. ಮೊಬೈಲ್ ಹಿಡಿಯಲು ಮೂರನೇ ಕೈ ಎಲ್ಲಿಂದ ತರಬೇಕು? ಗಾಜು ಒಡೆಯಿತು. ಮರುದಿನದಿಂದ ಆತ ಓಣಿಯಲ್ಲೂ ಟ್ರ್ಯಾಕ್ ಪ್ಯಾಂಟ್ ಹಾಕತೊಡಗಿದ.

ನಮ್ಮ ಊರುಗಳಲ್ಲಿ ಹರೆಯದ ಹುಡುಗರು ಲುಂಗಿ ಬಿಡುತ್ತಿರುವುದು ನಾಚಿಕೆಯಿಂದ ಮಾತ್ರ ಅಲ್ಲ. ಅದಕ್ಕೆ ಕಿಸೆ ಇಲ್ಲ, ಗುಂಡಿ ಇಲ್ಲ, ಬಿಚ್ಚುವ ಭಯ. ಬಿಸಿಲಿಗೆ ಅದರಷ್ಟು ಹಿತವಾದ ಬಟ್ಟೆ ಬೇರೆ ಇಲ್ಲ ಎಂದು ಗೊತ್ತಿದ್ದರೂ ಎಪ್ರಿಲ್, ಮೇ ತಿಂಗಳಲ್ಲಿ ಪಾಲಿಸ್ಟರ್ ಪ್ಯಾಂಟಿನೊಳಗೆ ಬೆವರುತ್ತಾ ಕೂರುತ್ತೇವೆ. ಆ ಪ್ಯಾಂಟೂ ರೆಡಿಮೇಡ್. ನಮ್ಮೂರ ಸಿಂಪಿಗನ ಕೈಗೆ ಅದು ಬರುವುದು ಜಿಪ್ ಕೆಟ್ಟಾಗ ಮಾತ್ರ.

ಲುಂಗಿಯನ್ನು ಹೊಲಿಸಿಯೇ ಉಡಬಾರದೇಕೆ ಎಂಬುದು ನಮ್ಮ ಪ್ರಶ್ನೆ.

ಹೀಗೆ ಮಾಡಿದವರು ಇದ್ದಾರೆ. ಇಂಗ್ಲೆಂಡಿನ ಉತ್ತರಕ್ಕೆ ಸ್ಕಾಟ್ಲೆಂಡ್ ಎಂಬ ನಾಡಿದೆ. ಅಲ್ಲಿನ ಗಂಡಸರು ಉಡುವ, ಚೌಕಳಿ ಬಟ್ಟೆಯ, ಮೊಣಕಾಲಿನವರೆಗಿನ ಉಡುಪನ್ನು ಸಿನಿಮಾಗಳಲ್ಲಿ ನೋಡಿರುತ್ತೀರಿ. ಅದಕ್ಕೆ ಕಿಲ್ಟ್ ಎನ್ನುತ್ತಾರೆ. ಮೊದಲು ಅದು ಹೊಲಿದ ಬಟ್ಟೆಯೇ ಆಗಿರಲಿಲ್ಲ. ನಮ್ಮ ಧೋತರದ ಹಾಗೆ ಒಂದು ಉದ್ದನೆಯ ಬಟ್ಟೆ. ಅದನ್ನು ನೆರಿಗೆ ಹಿಡಿದು ಸೊಂಟಕ್ಕೆ ಪಟ್ಟಿ ಬಿಗಿದು, ಉಳಿದದ್ದನ್ನು ಕಂಬಳಿಯಂತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. 18ನೇ ಶತಮಾನದಲ್ಲಿ ಮೇಲಿನ ಭಾಗ ಬಿಟ್ಟು ಕೆಳಗಿನ ಅರ್ಧವನ್ನಷ್ಟೇ ಇಟ್ಟುಕೊಂಡು, ಹಿಂದಿನ ನೆರಿಗೆಗಳಿಗೆ ಹೊಲಿಗೆ ಹಾಕಿದರು. ದಂಗೆ ಎದ್ದ ಆ ಗುಡ್ಡಗಾಡಿನ ಜನ ತಮ್ಮ ಉಡುಪು ತೊಡಬಾರದೆಂದು 1746ರಲ್ಲಿ ಬ್ರಿಟಿಷ್ ಸರ್ಕಾರ ಕಾನೂನು ಮಾಡಿತು. 1782ರಲ್ಲಿ ಅದು ರದ್ದಾಯಿತು. ಕಿಲ್ಟ್ ಮಾತ್ರ ಉಳಿಯಿತು.

ಕಿಲ್ಟಿಗೂ ಕಿಸೆ ಇರಲಿಲ್ಲ. ಅದಕ್ಕೆ ಅವರು ಸೊಂಟದ ಮುಂದೆ ಒಂದು ಚರ್ಮದ ಚೀಲ ಕಟ್ಟಿಕೊಳ್ಳುತ್ತಾರೆ. ನಮ್ಮ ಅಜ್ಜಂದಿರ ಎಲಿ ಅಡಿಕಿ ಚಂಚಿಯ ಅಣ್ಣನೋ ತಮ್ಮನೋ ಅನ್ನಿ. ಅಮೆರಿಕದ ಸಿಯಾಟಲ್ ನಗರದಲ್ಲಿ 2000ದಲ್ಲಿ ಶುರುವಾದ ಯುಟಿಲಿಕಿಲ್ಟ್ಸ್ ಎಂಬ ಕಂಪನಿ ದಪ್ಪ ಕಾಟನ್ ಬಟ್ಟೆಯಲ್ಲಿ, ದೊಡ್ಡ ದೊಡ್ಡ ಕಿಸೆ ಹಚ್ಚಿ, ಕೆಲಸಗಾರರೂ ಹಾಕುವಂಥ ಕಿಲ್ಟ್ ತಂದಿತು. ಉಡುಪು ಹಳೆಯದು, ಕಿಸೆ ಹೊಸದು.

ನಾವೂ ಒಂದು ಹೊಲಿಸಿ ನೋಡಿದೆವು. ಬಟ್ಟೆ ಹಿಡಿದು ಪರಿಚಯದ ಸಿಂಪಿಗ ಕಾಕಾ ಹತ್ತಿರ ಹೋದಾಗ ಅವರು ಮೊದಲು ನಕ್ಕರು.

'ಏನ್ರೋ ತಮ್ಮಾ, ಲಂಗಾ ಹೊಲಸಾಕ ಬಂದೀರೇನ?'

'ಇಲ್ರೀ ಕಾಕಾ, ಕಿಸೆ ಇರೂ ಲುಂಗಿ.'

ಮೊಬೈಲಿನಲ್ಲಿ ಚಿತ್ರ ತೋರಿಸಿದೆವು. ಕನ್ನಡಕ ಏರಿಸಿ ನೋಡಿದರು. 'ಇದರಾಗ ಏನೈತಿ? ಶಾಲಿ ಹುಡುಗ್ಯಾರ ಸ್ಕರ್ಟಿಗೆ ವರ್ಷಾ ಜೂನ್‌ದಾಗ ಇದ ನೆರಗಿ ಹಾಕತೀನಿ' ಅಂದರು. ನಮಗೆ ಬೇಕಾದ ವಿದ್ಯೆ ಅವರ ಕೈಯಲ್ಲಿ ಮೊದಲೇ ಇತ್ತು. ಕೇಳುವವರು ಇರಲಿಲ್ಲ ಅಷ್ಟೇ.

ಲೆಕ್ಕ ಹೀಗಿದೆ. ಸೊಂಟದ ಅಳತೆ ನಂಬಿ ಬಟ್ಟೆ ಕತ್ತರಿಸಬಾರದು, ಸೀಟಿನ ಅಳತೆ ಹಿಡಿಯಬೇಕು. ಸೀಟು 36 ಇಂಚು ಇದ್ದರೆ ಮುಂದೆ ಒಂದರ ಮೇಲೊಂದು ಬರುವ ಎರಡು ಸಪಾಟು ಪದರ, ತಲಾ 18 ಇಂಚು. ಹಿಂದೆ ಕಾಣುವುದು 18 ಇಂಚು. ಆದರೆ ಅಲ್ಲಿ ನೆರಿಗೆ ಇರುವುದರಿಂದ ಮೂರು ಪಟ್ಟು ಬಟ್ಟೆ ಬೇಕು, ಅಂದರೆ 54 ಇಂಚು. ಒಟ್ಟು 90 ಇಂಚು. ಹೊಲಿಗೆಗೆ ಇನ್ನು ನಾಲ್ಕು ಇಂಚು ಬಿಡಿ. ಸೊಂಟ ಸೀಟಿಗಿಂತ ಸಣ್ಣದಿದ್ದರೆ ಮೇಲ್ಭಾಗದಲ್ಲಿ ನೆರಿಗೆಯನ್ನು ಸ್ವಲ್ಪ ಒತ್ತಾಗಿ ಹಿಡಿದರೆ ಸರಿಹೋಗುತ್ತದೆ.

58 ಇಂಚು ಪನ್ನಾದ ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಸೀಳಿದರೆ 29 ಇಂಚಿನ ಎರಡು ಪಟ್ಟಿ. ಮೂರು ಮೀಟರ್ ತಂದರೆ ಎರಡು ಆಗುತ್ತವೆ. ಉಳಿದ ತುಂಡಿನಲ್ಲಿ ಸೊಂಟಪಟ್ಟಿ ಮತ್ತು ಕಿಸೆ. ಅಣ್ಣನಿಗೊಂದು, ತಮ್ಮನಿಗೊಂದು. ಕೂಲಿ ಕಾಕಾ ಕೇಳಿದ್ದು ಒಂದಕ್ಕೆ ಒಂದು ಪ್ಯಾಂಟಿನಷ್ಟು.

ನಮ್ಮ ಕಡೆಗೆ ತಕ್ಕಂತೆ ಮೂರು ಬದಲಾವಣೆ ಮಾಡಿಸಿದೆವು. ಮೊದಲನೆಯದು, ಅಂಚು ಮೊಣಕಾಲಿನ ಕೆಳಗೆ ಬರಬೇಕು. ಗುಡಿಯ ಕಟ್ಟೆಯ ಮೇಲೆ ಹಿರಿಯರ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುವವರು ನಾವು. ಎರಡನೆಯದು, ವೆಲ್ಕ್ರೋ ಬೇಡ. ಧೂಳು, ಹತ್ತಿಯ ಎಳೆ ಕೂತರೆ ಅದು ಹಿಡಿಯುವುದಿಲ್ಲ. ಒಳಗೊಂದು ಲಾಡಿ, ಹೊರಗೆ ಎರಡು ಗಟ್ಟಿ ಗುಂಡಿ ಸಾಕು. ಮೂರನೆಯದು, ಮೊಬೈಲ್ ಕಿಸೆಗೆ ಮೇಲೊಂದು ಮುಚ್ಚಳ, ಅದಕ್ಕೂ ಗುಂಡಿ.

ಎಲ್ಲ ಕಡೆ ಇದು ನಡೆಯುತ್ತದೆ ಎಂದು ನಾವು ಹೇಳುವುದಿಲ್ಲ. ಕಬ್ಬು ಕಡಿಯುವಾಗ ರವದಿ ಕಾಲು ಕೊಯ್ಯುತ್ತದೆ, ಅಲ್ಲಿ ಪ್ಯಾಂಟೇ ಸರಿ. ರಾಶಿ ಮಷಿನ್, ಮೇವು ಕತ್ತರಿಸುವ ಮಷಿನ್, ಟ್ರ್ಯಾಕ್ಟರಿನ ತಿರುಗುವ ಶಾಫ್ಟಿನ ಹತ್ತಿರ ಜೋಲಾಡುವ ಯಾವ ಬಟ್ಟೆಯೂ ಬೇಡ, ಜೀವಕ್ಕೆ ಅಪಾಯ. ಬೈಕಿನ ಹಿಂದೆ ಕೂತರೆ ನೆರಿಗೆ ಒತ್ತಿಕೊಂಡು ಕೂರಬೇಕು. ಮನೆ, ಅಂಗಡಿ, ಸಂತೆ, ಜಾತ್ರೆ, ಬಸ್ಸಿನ ಪ್ರಯಾಣಕ್ಕೆ ಮಾತ್ರ ಇದಕ್ಕಿಂತ ಹಗುರ ಬಟ್ಟೆ ನಮಗೆ ಸಿಕ್ಕಿಲ್ಲ.

'ಗಂಡಸರು ಸ್ಕರ್ಟ್ ಹಾಕತಾರೇನ' ಎಂದು ಕೇಳುವವರು ಕೇಳಲಿ. ನಮ್ಮ ಅಜ್ಜ ಪ್ಯಾಂಟ್ ಹಾಕಿದವನೇ ಅಲ್ಲ, ಅವನ ಗಂಡಸುತನ ಯಾರೂ ಕೇಳಲಿಲ್ಲ. ನಮಗೆ ಬೇಸರ ತರಿಸುವ ಮಾತು ಇನ್ನೊಂದಿದೆ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲ್‌ನಲ್ಲಿ, ಮಗನ ಜೊತೆ ಸಿನಿಮಾ ನೋಡಲು ಹೋದ ಹಾವೇರಿ ಕಡೆಯ ರೈತರೊಬ್ಬರನ್ನು ಧೋತರ ಉಟ್ಟಿದ್ದಾರೆಂದು ಬಾಗಿಲಲ್ಲೇ ತಡೆದರು. ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಸದನದಲ್ಲಿ ಹೇಳಿತು. ತಮಿಳುನಾಡಿನಲ್ಲಿ 2014ರಲ್ಲಿ ಪಂಚೆ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಕ್ಲಬ್ಬಿನೊಳಗೆ ಬಿಡಲಿಲ್ಲ. ಅದೇ ವರ್ಷ ಅಲ್ಲಿನ ಸರ್ಕಾರ ಇದಕ್ಕೆಂದೇ ಕಾಯ್ದೆ ತಂದು, ಹೀಗೆ ತಡೆಯುವವರಿಗೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಎಂದಿತು. ಕಾನೂನು ಬಾಗಿಲು ತೆರೆಸಬಹುದು. ಉಡುವವರೇ ಇಲ್ಲದಿದ್ದರೆ ತೆರೆದ ಬಾಗಿಲಿನಿಂದ ಒಳಗೆ ಹೋಗುವವರು ಯಾರು?

ಮಾರುಕಟ್ಟೆಯವರು ಸುಮ್ಮನೆ ಕೂತಿಲ್ಲ. ತಿರುಪ್ಪೂರಿನ ರಾಮ್‌ರಾಜ್‌ನಂಥ ಕಂಪನಿಗಳು ವೆಲ್ಕ್ರೋ ಹಚ್ಚಿದ, ಕಿಸೆ ಇರುವ ಪಂಚೆಗಳನ್ನು ಮಾರುತ್ತಿವೆ. ಒಳ್ಳೆಯದೇ. ಆದರೆ ಆ ಕೆಲಸ ಇಲ್ಲೇ ಆಗಬಹುದಲ್ಲ? ಬಟ್ಟೆಗೆ ನಾವು ದೂರ ಹೋಗಬೇಕಿಲ್ಲ. ಗಡಿಯಾಚೆಯ ಇಚಲಕರಂಜಿಯಲ್ಲಿ 1904ರಿಂದ ಪವರ್‌ಲೂಮ್ ಓಡುತ್ತಿವೆ. ಪಕ್ಕದ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ನೇಕಾರರ ಊರು. ಬಟ್ಟೆ ಹತ್ತಿರ ಇದೆ, ಕೈ ಹತ್ತಿರ ಇದೆ.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪಿಎಂ ವಿಶ್ವಕರ್ಮ ಯೋಜನೆ ಶುರು ಮಾಡಿತು. ಅದರ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಾಮಾನಿಗೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ. ಅರ್ಹರು ತಪ್ಪದೆ ಅರ್ಜಿ ಹಾಕಲಿ. ಆದರೆ ಯೋಜನೆ ಮಷಿನ್ ಕೊಡುತ್ತದೆ, ಗಿರಾಕಿ ಕೊಡುವುದಿಲ್ಲ. ಗಿರಾಕಿ ಆಗಬೇಕಾದವರು ನಾವು.

ಕಾಕಾ ಈಗ ನಮ್ಮದೇ ಅಳತೆಯಲ್ಲಿ ಒಂದು ಹೊಲಿದು ಅಂಗಡಿ ಮುಂದೆ ತೂಗುಹಾಕಿದ್ದಾರೆ. ನೋಡಿದವರು ನಗುತ್ತಾರೆ, ಆಮೇಲೆ ಕಿಸೆಯೊಳಗೆ ಕೈ ಹಾಕಿ ನೋಡುತ್ತಾರೆ. ಮೊಬೈಲ್ ಒಡೆದುಕೊಂಡ ನಮ್ಮ ಗೆಳೆಯ ಹೋದ ವಾರ ಅಳತೆ ಕೊಟ್ಟು ಬಂದಿದ್ದಾನೆ. ಬರುವ ಬೇಸಿಗೆಯೊಳಗೆ ನೀವೂ ನಿಮ್ಮೂರ ಸಿಂಪಿಗರ ಹತ್ತಿರ ಮೂರು ಮೀಟರ್ ಬಟ್ಟೆ ಹಿಡಿದು ಹೋಗಿ. ಅವರಿಗೂ ಒಂದು ಹೊಸ ಕೆಲಸ ಸಿಗಲಿ.