ಬಾಡಿಗೆಗೆ ಕೊಟ್ಟ ಖಾತೆ



ಸೈಬರ್ ಅಪರಾಧ ಎಂದೊಡನೆ ನಿಮ್ಮಲ್ಲಿ ಹಲವರಿಗೆ ನೆನಪಾಗುವುದು ಮನೆಯ ಅಜ್ಜ-ಅಜ್ಜಿ. "ಅವರಿಗೆ ಮೊಬೈಲ್ ಗೊತ್ತಾಗುವುದಿಲ್ಲ, ಯಾರಾದರೂ ಓಟಿಪಿ ಕೇಳಿದರೆ ಹೇಳಿಬಿಡುತ್ತಾರೆ" ಎಂದು ನಗುತ್ತೀರಿ. ನಿಮಗೆ ಆ ಭಯವಿಲ್ಲ. ನೀವು ಫೋನ್ ಹಿಡಿದುಕೊಂಡೇ ಬೆಳೆದವರು. ಆದರೆ ಈ ಸಲ ನಾನು ಬರೆಯ ಹೊರಟಿರುವುದು ಮೋಸ ಹೋಗುವವರ ಬಗ್ಗೆ ಮಾತ್ರವಲ್ಲ, ತಿಳಿದೋ ತಿಳಿಯದೆಯೋ ಮೋಸಕ್ಕೆ ಕೈಜೋಡಿಸುವವರ ಬಗ್ಗೆ. ಅಲ್ಲಿ ನಿಮ್ಮ ವಯಸ್ಸಿನವರೂ ಇದ್ದಾರೆ. (ಕನ್ನಡ ಓದಲು ತಡವರಿಸುವವರು ಅಮ್ಮನಿಂದ ಓದಿಸಿಕೊಳ್ಳಿ. ಅಜ್ಜಿಯ ಕಿವಿಗೂ ಬೀಳಲಿ.)

ಮೊದಲು ಸಾಮಾನ್ಯ ಮೋಸಗಳನ್ನು ಬೇಗ ಬೇಗ ನೋಡಿಬಿಡೋಣ. ಬ್ಯಾಂಕಿನವರೆಂದು ಹೇಳಿಕೊಂಡು "ಕೆವೈಸಿ ಮುಗಿದಿದೆ, ಖಾತೆ ನಿಂತುಹೋಗುತ್ತದೆ" ಎಂದು ಹೆದರಿಸಿ ಓಟಿಪಿ ಪಡೆಯುವುದು ಹಳೆಯದು. "ಇಂದು ರಾತ್ರಿ ಕರೆಂಟ್ ಕಡಿಯುತ್ತೇವೆ" ಎಂಬ ಸಂದೇಶ ಅದರ ತಮ್ಮ. ಮದುವೆಯ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ ಎಂದು ವಾಟ್ಸಾಪಿನಲ್ಲಿ ಬರುವ ಫೈಲನ್ನು ಒತ್ತಿದರೆ ಫೋನಿನೊಳಗೆ ಕಳ್ಳ ಆ್ಯಪ್ ಸೇರಿಕೊಂಡು ನಿಮ್ಮ ಎಸ್ಸೆಮ್ಮೆಸ್‌ಗಳನ್ನೆಲ್ಲ ಅವರಿಗೆ ಓದಿ ಹೇಳುತ್ತದೆ. ಹಳೆಯ ಸೋಫಾ ಮಾರಲು ಜಾಹೀರಾತು ಕೊಟ್ಟವರಿಗೆ "ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಎನ್ನುವವರೂ ಉಂಟು. ಹಣ ನಮಗೆ ಬರಬೇಕಾದರೆ ಪಿನ್ ಹಾಕುವ ಅಗತ್ಯವೇ ಇಲ್ಲ ಎಂಬುದು ಅಂಗಡಿ ನಡೆಸುವ ನಮ್ಮವರಲ್ಲೂ ಕೆಲವರಿಗೆ ಇನ್ನೂ ಮನದಟ್ಟಾಗಿಲ್ಲ.

ಈಚಿನ ದೊಡ್ಡ ಪಿಡುಗು "ಡಿಜಿಟಲ್ ಅರೆಸ್ಟ್". ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎನ್ನುತ್ತಾರೆ. ಖಾಕಿ ತೊಟ್ಟವನೊಬ್ಬ ವಿಡಿಯೋ ಕಾಲಿನಲ್ಲಿ ಪ್ರತ್ಯಕ್ಷನಾಗಿ ಗಂಟೆಗಟ್ಟಲೆ ಕೂರಿಸುತ್ತಾನೆ. ಮನೆಯವರಿಗೂ ಹೇಳಬಾರದು ಎಂಬ ಕಟ್ಟಪ್ಪಣೆ ಬೇರೆ! 2024ರ ಅಕ್ಟೋಬರ್ 27ರಂದು ಪ್ರಧಾನಿಯವರು "ಮನ್ ಕೀ ಬಾತ್"ನಲ್ಲಿ ಇಂಥ ಒಂದು ಸಂಭಾಷಣೆಯನ್ನೇ ಕೇಳಿಸಿದರು. ಅದನ್ನು ಜಾಣತನದಿಂದ ರೆಕಾರ್ಡ್ ಮಾಡಿಕೊಂಡವರು ನಮ್ಮ ವಿಜಯಪುರದವರು. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ.

ಈಗ ಆ ಫೋನಿನ ಇನ್ನೊಂದು ತುದಿಗೆ ಹೋಗೋಣ. ಅಲ್ಲಿ ಕುಳಿತವರು ಯಾರು?

ದೂರ ಹೋಗಬೇಕಿಲ್ಲ. 2016ರ ಅಕ್ಟೋಬರ್ ಮೊದಲ ವಾರ ಥಾಣೆ ಪೊಲೀಸರು ಮೀರಾರೋಡಿನ ಕಾಲ್ ಸೆಂಟರುಗಳ ಮೇಲೆ ರಾತ್ರಿ ದಾಳಿ ಮಾಡಿದರು. 700ಕ್ಕೂ ಹೆಚ್ಚು ಮಂದಿ ಸಿಕ್ಕಿಬಿದ್ದರು, ಮೊದಲಿಗೆ 70 ಮಂದಿಯ ಬಂಧನವಾಯಿತು. ಅವರ ಕೆಲಸವೇನು ಗೊತ್ತೇ? ಅಮೆರಿಕದ ತೆರಿಗೆ ಇಲಾಖೆಯ ಅಧಿಕಾರಿಗಳೆಂದು ಅಲ್ಲಿನವರಿಗೆ ಫೋನ್ ಮಾಡಿ, "ತೆರಿಗೆ ಬಾಕಿ ಇದೆ, ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ" ಎಂದು ಹೆದರಿಸುವುದು. ಹೆದರಿದವರಿಂದ ಗಿಫ್ಟ್ ಕಾರ್ಡ್ ಕೊಳ್ಳಿಸಿ ಅದರ ಸಂಖ್ಯೆ ಬರೆದುಕೊಳ್ಳುವುದು. ಹುಡುಗ ಹುಡುಗಿಯರಿಗೆ ಅಮೆರಿಕನ್ ಹೆಸರು, ಅಮೆರಿಕನ್ ಉಚ್ಚಾರಣೆ, ಓದಿ ಹೇಳಲು ಬರೆದಿಟ್ಟ ಸಂಭಾಷಣೆ ಎಲ್ಲವನ್ನೂ ಕೊಟ್ಟಿದ್ದರು. ಸೂತ್ರಧಾರನೆಂದು ಪೊಲೀಸರು ಹೇಳಿದ ಯುವಕ ವಿದೇಶಕ್ಕೆ ಹಾರಿ, ಸಿಕ್ಕಿದ್ದು 2017ರ ಏಪ್ರಿಲಿನಲ್ಲಿ. ಅಷ್ಟರವರೆಗೆ ಠಾಣೆಯ ಮೆಟ್ಟಿಲು ಹತ್ತಿದವರು ಸಂಬಳದ ಮಕ್ಕಳು ಮತ್ತು ಅವರ ತಂದೆ ತಾಯಂದಿರು.

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳು. ಒಳ್ಳೆಯ ಇಂಗ್ಲಿಷ್ ಬಂದರೆ ಒಳ್ಳೆಯ ಕೆಲಸ ಸಿಗುತ್ತದೆಂದು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಐರೋಲಿ, ಮಹಾಪೆ, ವಾಶಿಯ ಕಚೇರಿಗಳಲ್ಲಿ ರಾತ್ರಿ ಪಾಳಿ ದುಡಿದು ಮನೆ ನಡೆಸುವ ನಮ್ಮ ಮಕ್ಕಳ ಬಗ್ಗೆ ನನಗೆ ಹೆಮ್ಮೆಯೇ ಇದೆ. ರಾತ್ರಿ ಪಾಳಿ ತಪ್ಪಲ್ಲ. ಆದರೆ ನೇಮಕದ ಪತ್ರವಿಲ್ಲ, ಪಿ.ಎಫ್. ಇಲ್ಲ, ಸಂಬಳ ನಗದಾಗಿ ಕೈಗೆ, ಫೋನಿನಲ್ಲಿ ಹೇಳಬೇಕಾದದ್ದು ಸರ್ಕಾರಿ ಅಧಿಕಾರಿಯ ಹೆಸರು ಎಂದಾದರೆ ಅದು ಕೆಲಸವಲ್ಲ. ಮೊದಲ ದಿನವೇ ಮರಳಿ ಬನ್ನಿ.

ಇನ್ನು ಖಾತೆಯ ವಿಷಯ. ಇಂಗ್ಲಿಷಿನಲ್ಲಿ ಇದಕ್ಕೆ "ಮ್ಯೂಲ್ ಅಕೌಂಟ್" ಎನ್ನುತ್ತಾರೆ. ಮ್ಯೂಲ್ ಎಂದರೆ ಹೇಸರಗತ್ತೆ; ಯಾರದೋ ಹೊರೆ ಹೊರುವ ಪ್ರಾಣಿ. ಮೋಸದ ಹಣವನ್ನು ಕಳ್ಳ ತನ್ನ ಸ್ವಂತ ಖಾತೆಗೆ ಹಾಕಿಕೊಳ್ಳುವುದಿಲ್ಲ, ಅವನೇನು ದಡ್ಡನೇ? ಮೊದಲು ಒಬ್ಬರ ಖಾತೆಗೆ, ಅಲ್ಲಿಂದ ನಿಮಿಷಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿ, ಕೊನೆಗೆ ಎಟಿಎಮ್ಮಿನಿಂದ ತೆಗೆಸುತ್ತಾನೆ ಅಥವಾ ಕ್ರಿಪ್ಟೋ ಮಾಡುತ್ತಾನೆ. ಈ ಖಾತೆಗಳಿಗಾಗಿ ಅವನು ಹುಡುಕುವುದು ಕೈಖರ್ಚಿಗೆ ಪರದಾಡುವ ಕಾಲೇಜು ಮಕ್ಕಳನ್ನು, ಸಣ್ಣ ಕೆಲಸದವರನ್ನು.

ಕೆಲವು ತಿಂಗಳ ಹಿಂದೆ ಡೊಂಬಿವಲಿಯಲ್ಲಿ ನಮ್ಮ ಪರಿಚಯದ ಒಬ್ಬ ತಾಯಿ ಬಂದು ಕೇಳಿದರು: "ಅಕ್ಕಾರ, ನಮ್ಮ ಹುಡುಗಗ ಯಾರೋ ಐದು ಸಾವಿರ ಕೊಡತೇನಂದಾರಂತ್ರಿ. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಒಂದು ಸಿಮ್ಮು ಕೊಟ್ಟರ ಸಾಕಂತ. ಖಾತೆದಾಗ ರೊಕ್ಕನ ಇಲ್ಲ, ಹೋಗೂದರ ಏನೈತ್ರಿ?"

ಹೋಗುವುದು ರೊಕ್ಕವಲ್ಲ, ಹೆಸರು. ಯಾರೋ ಪಿಂಚಣಿದಾರರ ದುಡ್ಡು ಆ ಖಾತೆಗೆ ಬಂದರೆ ಪೊಲೀಸರಿಗೆ ಮೊದಲು ಕಾಣುವುದು ಖಾತೆಯ ಮೇಲಿನ ಹೆಸರು ಮತ್ತು ಆಧಾರ್ ವಿಳಾಸ. "ನನಗೇನೂ ಗೊತ್ತಿಲ್ಲ" ಎಂದರೆ, "ಹಾಗಾದರೆ ಐದು ಸಾವಿರ ಯಾತಕ್ಕೆ ಸಿಕ್ಕಿತು?" ಎಂಬ ಪ್ರಶ್ನೆ ಕಾದಿರುತ್ತದೆ. ಇದನ್ನೇ ಹೇಳಿದೆ. ಆ ಹುಡುಗ ಕೊಡಲಿಲ್ಲ. ಒಂದು ವಾರ ತಾಯಿಯೊಡನೆ ಮಾತೂ ಆಡಲಿಲ್ಲವಂತೆ!

ಪುಣೆಯ ಕಾಸ್ಮೋಸ್ ಬ್ಯಾಂಕಿನ ಕಥೆ ಕೇಳಿದ್ದೀರಾ? 2018ರ ಆಗಸ್ಟಿನಲ್ಲಿ ಕಂಪ್ಯೂಟರ್ ಕನ್ನ ಹಾಕಿದವರು ಕೆಲವೇ ದಿನಗಳಲ್ಲಿ 94 ಕೋಟಿ ರೂಪಾಯಿ ದೋಚಿದರು. ಕನ್ನ ಹಾಕಿದವರು ಎಲ್ಲೋ ದೂರದಲ್ಲಿ. ನಕಲಿ ಕಾರ್ಡ್ ಹಿಡಿದು ಇಲ್ಲಿ ಎಟಿಎಮ್ಮುಗಳ ಮುಂದೆ ನಿಂತವರು ಸ್ಥಳೀಯರು. 2023ರಲ್ಲಿ ಪುಣೆಯ ನ್ಯಾಯಾಲಯ 11 ಮಂದಿಗೆ ಸೆರೆವಾಸ ವಿಧಿಸಿತು.

ಕಾನೂನಿನ ಮಾತು ಎರಡೇ ಸಾಲು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಅಕ್ಟೋಬರ್ 17ರಿಂದ ಜಾರಿಯಲ್ಲಿದೆ. ಅದರ 66ಡಿ ಕಲಮಿನಂತೆ ಬೇರೆಯವರ ವೇಷದಲ್ಲಿ ಕಂಪ್ಯೂಟರ್ ಮೂಲಕ ವಂಚಿಸಿದರೆ ಮೂರು ವರ್ಷದವರೆಗೆ ಶಿಕ್ಷೆ. ನಮ್ಮ ಸಿನಿಮಾಗಳ "ಚಾರ್ ಸೌ ಬೀಸ್" 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318 ಆಗಿದೆ. ಅಲ್ಲಿ ಏಳು ವರ್ಷದವರೆಗೂ ಹೋಗಬಹುದು.

ಖಾತೆಯಲ್ಲ, ಮನುಷ್ಯರನ್ನೇ ಬಾಡಿಗೆಗೆ ಒಯ್ಯುವವರೂ ಇದ್ದಾರೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿಸಿ, ಗಡಿ ದಾಟಿಸಿ ಮ್ಯಾನ್ಮಾರಿನ ಆವರಣಗಳಲ್ಲಿ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ತುಕೊಂಡು, ದಿನವಿಡೀ ಇಂಥ ವಂಚನೆಯನ್ನೇ ಮಾಡಿಸುತ್ತಾರೆ. 2025ರ ಮಾರ್ಚ್ 10 ಮತ್ತು 11ರಂದು ನಮ್ಮ ವಾಯುಪಡೆಯ ವಿಮಾನಗಳು 549 ಭಾರತೀಯರನ್ನು ಹಿಂದಕ್ಕೆ ಕರೆತಂದವು. ವಿದೇಶದ ಕೆಲಸ ಬಂದರೆ ಆ ಏಜೆಂಟ್ ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿಸಿದವನೇ ಎಂದು ಇ-ಮೈಗ್ರೇಟ್‌ನಲ್ಲಿ ನೋಡಿ. ಟೂರಿಸ್ಟ್ ವೀಸಾದಲ್ಲಿ "ಮೊದಲು ಬಾ, ಆಮೇಲೆ ಬದಲಿಸುತ್ತೇವೆ" ಎಂದರೆ ಹೋಗಲೇಬೇಡಿ.

ಮನೆಯಲ್ಲಿ ಯಾರ ಹಣವಾದರೂ ಹೋದರೆ ಬೈಯುತ್ತಾ ಕೂರದೆ ಕೂಡಲೇ 1930ಕ್ಕೆ ಫೋನ್ ಮಾಡಿ. ಹಣ ಹಲವು ಖಾತೆಗಳಿಗೆ ಹಾರುವ ಮೊದಲೇ ತಿಳಿಸಿದರೆ ತಡೆಯಲು ಸಾಧ್ಯ. ಮರುದಿನಕ್ಕೆ ಬಿಟ್ಟರೆ ಕಷ್ಟ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲೂ ದೂರು ಬರೆಯಬಹುದು. ಮನೆ ಕಲ್ಯಾಣದಲ್ಲಿ, ಬ್ಯಾಂಕು ವಾಶಿಯಲ್ಲಿ ಎಂದು ಅಲೆಯಬೇಕಿಲ್ಲ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು.

ಇಷ್ಟರಲ್ಲೇ ಯಾರಿಗಾದರೂ ಖಾತೆ ಕೊಟ್ಟಿದ್ದೀರಾದರೆ, ಅದನ್ನು ಮುಚ್ಚಿಡಬೇಡಿ. ಅಪ್ಪನಿಗೆ ಹೇಳಲು ಹೆದರಿಕೆಯಾದರೆ ಸೋದರಮಾವನಿಗೆ ಹೇಳಿ, ದೊಡ್ಡಮ್ಮನಿಗೆ ಹೇಳಿ; ಒಬ್ಬರನ್ನು ಜೊತೆಗೆ ಕರೆದುಕೊಂಡು ಬ್ಯಾಂಕಿಗೆ ಹೋಗಿ. ಕಾರ್ಡನ್ನೂ ಸಿಮ್ಮನ್ನೂ ಬ್ಲಾಕ್ ಮಾಡಿಸಿ, ಯಾರಿಗೆ, ಎಂದು, ಹೇಗೆ ಕೊಟ್ಟಿರಿ ಎಂಬುದನ್ನು ಬರೆದು ಕೊಡಿ. ಆ ವಾಟ್ಸಾಪ್ ಮಾತುಗಳನ್ನು ಅಳಿಸಬೇಡಿ. ಪೊಲೀಸರು ನಿಮ್ಮನ್ನು ಹುಡುಕಿ ಬರುವ ಮೊದಲು ನೀವೇ ಠಾಣೆಗೆ ಹೋಗಿ ಲಿಖಿತವಾಗಿ ತಿಳಿಸಿ, ಎರಡೂ ಕಡೆ ಮೊಹರು ಹಾಕಿದ ಪ್ರತಿ ಕೇಳಿ ತೆಗೆದುಕೊಳ್ಳಿ.