ಉಳಿದ ಐದು ಅಡ್ರೆಸ್ ಎಲ್ಲಿ ಹೋಯ್ತು?

ಹೋದ ವಾರ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಮತ್ತೊಂದು ಎಕ್ಸೆಲ್ ಶೀಟ್ ಬಂತು. ಹೆಸರು, ಯುಎಸ್ಎನ್, ಸಿಜಿಪಿಎ, ಬ್ಯಾಕ್‌ಲಾಗ್ ಎಷ್ಟು, ಕೊನೆಗೆ 'ಸರ್ಟಿಫಿಕೇಶನ್ಸ್' ಅಂತ ಒಂದು ಕಾಲಮ್. ಸೆಕೆಂಡ್ ಇಯರ್‌ನವರೂ ತುಂಬಬೇಕಂತೆ. ಖಾಲಿ ಬಿಡೋಕೆ ಯಾರಿಗೂ ಧೈರ್ಯ ಇಲ್ಲ. ಸಂಜೆ ಹೊತ್ತಿಗೆ ಜೂನಿಯರ್‌ಗಳ ಮೆಸೇಜ್ ಶುರು: "ಅಣ್ಣಾ, ಡೆವ್‌ಆಪ್ಸ್‌ಗೆ ಹೋಗ್ಬೇಕು ಅಂದ್ರೆ ಯಾವ ಕ್ಲೌಡ್ ಸರ್ಟಿಫಿಕೇಟ್ ಮಾಡ್ಲಿ?" ಒಬ್ಬೊಬ್ಬರಿಗೇ ಟೈಪ್ ಮಾಡೋ ಬದಲು ಇಲ್ಲೇ ಬರೀತಿದ್ದೀವಿ.

ನಮ್ಮ ಕಾಲಮ್ ಖಾಲಿ ಇಲ್ಲ, ಅದನ್ನ ಮೊದಲೇ ಹೇಳಿಬಿಡ್ತೀವಿ. ನಾವು ಮೂವರು ಹೋದ ಸೆಮ್ ರಜೆಯಲ್ಲಿ ಎಡಬ್ಲ್ಯೂಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪರೀಕ್ಷೆ ಬರೆದು ಪಾಸಾದೆವು. ಫೀಸು 150 ಡಾಲರ್. ತೆರಿಗೆ ಎಲ್ಲಾ ಸೇರಿ 15 ಸಾವಿರ ರೂಪಾಯಿ ಆಸುಪಾಸು. ನಮ್ಮಲ್ಲೊಬ್ಬನಿಗೆ ಆ ದುಡ್ಡು ಬಂದಿದ್ದು ಅವರಪ್ಪ ಕೊಬ್ಬರಿ ಮಾರಿದ್ದರಲ್ಲಿ. ಕಳಿಸೋ ಮುಂಚೆ ಫೋನಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ಇದು ಪಾಸಾದ್ರೆ ಕೆಲಸ ಸಿಗುತ್ತೇನಪ್ಪಾ?" ಇವನು "ಹ್ಞೂಂ" ಅಂದುಬಿಟ್ಟ. ಪಕ್ಕದಲ್ಲೇ ಕೂತಿದ್ದ ಉಳಿದಿಬ್ಬರೂ ಸುಮ್ಮನಿದ್ದೆವು.

ಪರೀಕ್ಷೆ ಹೇಗಿರುತ್ತೆ ಅಂದ್ರೆ: 65 ಪ್ರಶ್ನೆ, 130 ನಿಮಿಷ, 1000ಕ್ಕೆ 720 ಬಂದ್ರೆ ಪಾಸು. ಎಲ್ಲಾ ಪ್ರಶ್ನೆಗೂ ಉತ್ತರ ಆರಿಸೋದಷ್ಟೇ ಕೆಲಸ. ಒಂದು ಸರ್ವರನ್ನೂ ಮುಟ್ಟೋ ಹಾಗಿಲ್ಲ. ನಾವು ಹದಿನೈದು ದಿನ ಓದಿದ್ದು ಬಹುಪಾಲು ಡಂಪ್, ಅಂದ್ರೆ ಟೆಲಿಗ್ರಾಂನಲ್ಲಿ ಓಡಾಡೋ ಪ್ರಶ್ನೆಗಳ ಪಿಡಿಎಫ್. ಅದು ಪರೀಕ್ಷೆಯ ನಿಯಮಕ್ಕೆ ವಿರುದ್ಧ. ಗೊತ್ತಿದ್ದೇ ಓದಿದ್ವಿ. ಬ್ಯಾಡ್ಜ್ ಬಂತು, ಲಿಂಕ್ಡ್‌ಇನ್‌ನಲ್ಲಿ ಹಾಕಿದ್ವಿ, ಸ್ಕೂಲ್ ಫ್ರೆಂಡ್ಸ್ ಎಲ್ಲಾ ಕಂಗ್ರಾಟ್ಸ್ ಅಂದ್ರು.

ಆಮೇಲೆ ನವೆಂಬರ್ ಒಂದನೇ ತಾರೀಕು ಬೆಳಗ್ಗೆ, ಸರಿಯಾಗಿ ರಾಜ್ಯೋತ್ಸವದ ದಿನವೇ, ನೀವೀಗ ಓದ್ತಿರೋ ಈ ಪತ್ರಿಕೆಯ ಸೈಟ್ ಬಿತ್ತು. ಅದು ಓಡೋದು ಒಂದು ಪುಟ್ಟ ಇಸಿ2 ಮಷೀನಿನಲ್ಲಿ, ಡಿಸ್ಕ್ 8 ಜಿಬಿ. ವಿಶೇಷ ಸಂಚಿಕೆ ತೆಗೆದ್ರೆ ಎರರ್. ಸರ್ಟಿಫೈಡ್ ಆರ್ಕಿಟೆಕ್ಟ್‌ಗಳು ಮೂರು ಜನ ಲ್ಯಾಪ್‌ಟಾಪ್ ಸುತ್ತ ಕೂತು ಏನು ಮಾತಾಡಿದ್ವಿ ಗೊತ್ತಾ? ಲೋಡ್ ಬ್ಯಾಲೆನ್ಸರ್ ಹಾಕೋಣ, ಆಟೋ ಸ್ಕೇಲಿಂಗ್ ಮಾಡೋಣ, ಎರಡು ಅವೈಲಬಿಲಿಟಿ ಝೋನ್‌ನಲ್ಲಿ ಇಡೋಣ ಅಂತ. ಡಂಪ್‌ನಲ್ಲಿ ಅವೇ ಸರಿ ಉತ್ತರ!

ನಮ್ಮ ಜೊತೆ ಈ ವರ್ಷ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಸೇರಿದ ಗೆಳೆಯನೊಬ್ಬ ಇದ್ದಾನೆ. ಕನ್ನಡ ಮೀಡಿಯಂ. ಅವನ ಹತ್ರ ಯಾವ ಬ್ಯಾಡ್ಜೂ ಇಲ್ಲ. ಹಳೇ ಪಿಸಿಗೆ ಲಿನಕ್ಸ್ ಹಾಕಿ, ಕೆಡಿಸಿ, ಮತ್ತೆ ಹಾಕಿ ಕಲಿತವನು. ಬಂದವನೇ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ 'ಡಿಎಫ್' ಹೊಡೆದ. ಡಿಸ್ಕ್ ನೂರಕ್ಕೆ ನೂರು ತುಂಬಿತ್ತು. ನಮ್ಮಲ್ಲೊಬ್ಬ ಡೀಬಗ್ ಲಾಗ್ ಆನ್ ಮಾಡಿ ಹಾಗೇ ಬಿಟ್ಟಿದ್ದ, ಆ ಒಂದೇ ಫೈಲು ಅಷ್ಟೂ ಜಾಗ ನುಂಗಿತ್ತು. ಅದನ್ನ ಅಳಿಸಿದ. ಆದರೂ ಡಿಸ್ಕ್ ಖಾಲಿ ಆಗಲಿಲ್ಲ. ನಾವು ಮುಖ ಮುಖ ನೋಡ್ಕೊಂಡ್ವಿ. "ಅಪ್ಲಿಕೇಶನ್ ಇನ್ನೂ ಆ ಫೈಲನ್ನ ಹಿಡ್ಕೊಂಡಿದೆ ಕಣ್ರೋ, ಅದು ಬಿಡೋ ತನಕ ಜಾಗ ವಾಪಸ್ ಬರಲ್ಲ" ಅಂದು ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿದ. ಸೈಟ್ ಎದ್ದು ನಿಂತಿತು. ಒಟ್ಟು ಆರೇಳು ನಿಮಿಷ ಆಗಿರಬಹುದು.

ಇನ್ನೊಂದು ಪೆಟ್ಟು ಕ್ಲಬ್ಬಿನ ಶನಿವಾರದ ಸೆಷನ್‌ನಲ್ಲಿ ಬಿತ್ತು. ಫಸ್ಟ್ ಇಯರ್‌ನವರಿಗೆ ಕ್ಲೌಡ್ ಬಗ್ಗೆ ಕನ್ನಡದಲ್ಲೇ ಹೇಳಬೇಕು ಅನ್ನೋದು ಷರತ್ತು. ಸ್ಲ್ಯಾಶ್ 24 ಸಬ್‌ನೆಟ್‌ನಲ್ಲಿ 256 ಅಡ್ರೆಸ್ ಇರುತ್ತೆ, ಎಡಬ್ಲ್ಯೂಎಸ್‌ನಲ್ಲಿ ಬಳಸೋಕೆ ಸಿಗೋದು 251 ಅಂತ ಜೋರಾಗಿ ಹೇಳಿದ್ವಿ. ಹಿಂದೆ ಕೂತಿದ್ದ ಅದೇ ಗೆಳೆಯ ಕೇಳಿದ: "ಉಳಿದ ಐದು ಎಲ್ಲಿ ಹೋಯ್ತು?" ನಮಗೆ ಗೊತ್ತಿರಲಿಲ್ಲ. 251 ಅಂತ ಟಿಕ್ ಮಾಡಿ ಮಾರ್ಕ್ಸ್ ತಗೊಂಡಿದ್ವಿ, ಅಷ್ಟೇ. ಆಮೇಲೆ ಎಲ್ಲರೂ ಸೇರಿ ಡಾಕ್ಯುಮೆಂಟೇಶನ್ ತೆಗೆದು ನೋಡಿದ್ವಿ. ಮೊದಲನೆಯದು ನೆಟ್‌ವರ್ಕಿನದೇ ಅಡ್ರೆಸ್, ಎರಡನೆಯದು ರೂಟರ್‌ಗೆ, ಮೂರನೆಯದು ಡಿಎನ್‌ಎಸ್‌ಗೆ, ನಾಲ್ಕನೆಯದು ಮುಂದೆ ಬೇಕಾಗಬಹುದು ಅಂತ ಎತ್ತಿಟ್ಟಿದ್ದು, ಕಟ್ಟಕಡೆಯದು ಬ್ರಾಡ್‌ಕಾಸ್ಟ್‌ದು. "ಲೇಔಟ್ ಮಾಡೋವಾಗ ಸಿಎ ಸೈಟ್ ಬಿಡಲ್ವಾ, ಹಂಗೆ" ಅಂತ ಫಸ್ಟ್ ಇಯರ್ ಹುಡುಗಿಯೊಬ್ಬಳು ಅಂದಳು. ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಗೊತ್ತಿಲ್ಲದ್ದನ್ನ ಇಂಗ್ಲಿಷಿನಲ್ಲಿ ಹೇಳಿದ್ರೆ ಗೊತ್ತಿರೋ ಹಾಗೇ ಕೇಳಿಸುತ್ತೆ. ಕನ್ನಡದಲ್ಲಿ ಹೇಳೋಕೆ ಹೋದಾಗ ತಡವರಿಸಿದ್ವಿ, ಭಾಷೆ ಬರದೇ ಅಲ್ಲ, ವಿಷಯ ಗೊತ್ತಿಲ್ಲದೆ.

ಹಾಗಾದ್ರೆ ಸರ್ಟಿಫಿಕೇಟ್ ದಂಡವೇ? ಅಲ್ಲ. ಇಲ್ಲೇ ನಮಗೂ ಸಿಟ್ಟು ಬರೋದು. ಒಂದು ಇಂಟರ್ನ್‌ಶಿಪ್‌ಗೆ ನಾವೂ ಆ ಗೆಳೆಯನೂ ಅಪ್ಲೈ ಮಾಡಿದ್ವಿ. ಫಾರ್ಮಿನಲ್ಲಿ ಸರ್ಟಿಫಿಕೇಟ್ ನಂಬರ್ ಕೇಳಿದ್ರು. ಅವನಿಗೆ ಉತ್ತರವೇ ಬರಲಿಲ್ಲ. ನಮ್ಮಲ್ಲಿ ಕೊಬ್ಬರಿ ದುಡ್ಡಿನವನಿಗೆ ಕಾಲ್ ಬಂತು. ಸೈಟ್ ಎಬ್ಬಿಸಿದವನು ಹೊರಗೆ, ಬೀಳಿಸಿದವರ ಗುಂಪಿನವನು ಒಳಗೆ. ಆದರೆ ಕಾಲ್‌ನಲ್ಲಿ ಅವರು ಸರ್ಟಿಫಿಕೇಟ್ ಸುದ್ದಿಯನ್ನೇ ಎತ್ತಲಿಲ್ಲ. "ಕುಬರ್ನೆಟಿಸ್‌ನಲ್ಲಿ ಒಂದು ಪಾಡ್ ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್ ತೋರಿಸ್ತಿದೆ, ಮೊದಲು ಏನು ನೋಡ್ತೀರಾ?" ಅಂದ್ರಂತೆ. ಹಿಂದಿನ ಸಲ ಸತ್ತ ಕಂಟೇನರ್‌ನ ಲಾಗ್ ನೋಡಬೇಕು, ಡಿಸ್ಕ್ರೈಬ್ ಮಾಡಿ ಎಕ್ಸಿಟ್ ಕೋಡ್ ನೋಡಬೇಕು. 137 ಇದ್ರೆ ಮೆಮೊರಿ ಸಾಲದೆ ಸತ್ತಿರೋ ಸಾಧ್ಯತೆ ಹೆಚ್ಚು. ಈಗ ಹೇಳ್ತೀವಿ. ಅವತ್ತು ಅವನು ಹೇಳಲಿಲ್ಲ.

ಡೆವ್‌ಆಪ್ಸ್ ಅನ್ನೋ ಹೆಸರು ನಿಂತಿದ್ದು 2009ರಲ್ಲಿ, ಬೆಲ್ಜಿಯಂನ ಘೆಂಟ್ ಊರಿನಲ್ಲಿ ಪ್ಯಾಟ್ರಿಕ್ ಡೆಬೋಯಿಸ್ ನಡೆಸಿದ ಡೆವ್‌ಆಪ್ಸ್‌ಡೇಸ್‌ನಿಂದ. ಕೋಡ್ ಬರೆಯೋರು ಒಂದು ಕಡೆ, ಅದನ್ನ ಓಡಿಸೋರು ಇನ್ನೊಂದು ಕಡೆ ನಿಂತು ಜಗಳ ಆಡೋದು ನಿಲ್ಲಲಿ ಅನ್ನೋದು ಅದರ ಮೂಲ. ಕ್ಲೌಡ್ ಸರ್ವಿಸ್‌ಗಳ ಹೆಸರು ಗೊತ್ತಿರೋದು ಅದರಲ್ಲಿ ಒಂದು ಚೂರು ಮಾತ್ರ. ಲಿನಕ್ಸ್, ನೆಟ್‌ವರ್ಕ್, ಗಿಟ್, ಒಂದಿಷ್ಟು ಸ್ಕ್ರಿಪ್ಟಿಂಗ್ ಇಲ್ಲದೆ ಆ ಚೂರು ಎಲ್ಲೂ ಅಂಟಿಕೊಳ್ಳಲ್ಲ.

ಅದಕ್ಕೇ ಜೂನಿಯರ್‌ಗಳೇ, ನಮ್ಮ ಅಭಿಪ್ರಾಯ: ಸರ್ಟಿಫಿಕೇಟ್ ಮಾಡಿ, ಆದರೆ ಈಗಲ್ಲ. ಮೊದಲು ಏನಾದ್ರೂ ಒಂದನ್ನ ಓಡಿಸಿ, ಬೀಳಿಸಿ, ಎಬ್ಬಿಸಿ. ಮಿನಿಕ್ಯೂಬ್ ಪುಕ್ಕಟೆ, ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತೆ; ರ‍್ಯಾಮ್ ಸಾಲದಿದ್ರೆ ಆ 15 ಸಾವಿರದಲ್ಲಿ ಒಂದಿಷ್ಟನ್ನ ಅದಕ್ಕೆ ಹಾಕಿ. ಎಡಬ್ಲ್ಯೂಎಸ್ ಅಕೌಂಟ್ ತೆಗೆದ್ರೆ ಮೊದಲನೇ ದಿನವೇ ಬಜೆಟ್ ಅಲರ್ಟ್ ಇಡಿ, ನ್ಯಾಟ್ ಗೇಟ್‌ವೇ ಆನ್ ಮಾಡಿ ಮರೆತು ಊರಿಗೆ ಹೋಗಬೇಡಿ. ಅದು ಸುಮ್ಮನಿದ್ರೂ ಗಂಟೆ ಲೆಕ್ಕದಲ್ಲಿ ಬಿಲ್ ಓಡುತ್ತೆ. ಪರೀಕ್ಷೆ ಬರೆಯಲೇಬೇಕು ಅಂದ್ರೆ ಸಿಕೆಎ ಥರದ್ದು ನೋಡಿ: ಎರಡು ಗಂಟೆ, ಎದುರಿಗೆ ನಿಜವಾದ ಕ್ಲಸ್ಟರ್, ಟರ್ಮಿನಲ್‌ನಲ್ಲಿ ಕೆಲಸ ಮಾಡಿ ತೋರಿಸಬೇಕು. ಡಾಕ್ಯುಮೆಂಟೇಶನ್ ತೆರೆದಿಟ್ಟುಕೊಳ್ಳಬಹುದು, ಆದರೂ ಕಷ್ಟ. ಫೀಸು ನಾವು ಕಟ್ಟಿದ್ದಕ್ಕಿಂತ ಎಷ್ಟೋ ಜಾಸ್ತಿ, ಅವಧಿ ಎರಡೇ ವರ್ಷ. ಫಸ್ಟ್ ಇಯರ್‌ನಲ್ಲೇ ಮಾಡಿದ್ರೆ ಪ್ಲೇಸ್‌ಮೆಂಟ್ ಬರೋಷ್ಟರಲ್ಲಿ ಮುಗಿದಿರುತ್ತೆ. ಎಡಬ್ಲ್ಯೂಎಸ್‌ದು ಮೂರು ವರ್ಷ.

ಆ ಶೀಟ್ ಮಾಡಿದವರಿಗೂ ಒಂದು ಮನವಿ. ಪಕ್ಕದಲ್ಲಿ 'ನೀವು ನಡೆಸಿರೋ ಪ್ರಾಜೆಕ್ಟ್, ಅದರ ಲಿಂಕ್' ಅಂತ ಇನ್ನೊಂದು ಕಾಲಮ್ ಹಾಕಿ. ನಮ್ಮ ಗೆಳೆಯನಿಗೂ ತುಂಬೋಕೆ ಏನಾದ್ರೂ ಇರುತ್ತೆ.

ಅವರಪ್ಪ ಮೊನ್ನೆ ಫೋನ್ ಮಾಡಿ ಕೆಲಸದ ವಿಷಯ ಮತ್ತೆ ಕೇಳಿದ್ರಂತೆ. "ಇನ್ನೂ ಕಲೀಬೇಕಪ್ಪಾ, ಬರೀ ಅದೊಂದರಿಂದ ಸಿಗಲ್ಲ" ಅಂದನಂತೆ. ಅವರು ಬೈಯಲಿಲ್ಲ, ಈ ಸಲ ಕೊಬ್ಬರಿ ರೇಟ್ ಎಷ್ಟು ಅಂತ ಹೇಳಿ ಇಟ್ರಂತೆ.

ಮುಂದಿನ ಶನಿವಾರ ಮಧ್ಯಾಹ್ನ ಈ ಸೈಟಿನ ಒಂದು ನಕಲು ಮಾಡಿಟ್ಟು ಬೇಕಂತಲೇ ಬೀಳಿಸ್ತೀವಿ. ಯಾಕೆ ಬಿತ್ತು ಅಂತ ಕನ್ನಡದಲ್ಲಿ ಹೇಳಬೇಕು. ಬರೋರು ಲ್ಯಾಪ್‌ಟಾಪ್ ಜೊತೆಗೆ ಚಾರ್ಜರ್ ತನ್ನಿ, ಕ್ಲಬ್ ರೂಮಿನಲ್ಲಿ ಪ್ಲಗ್ ಪಾಯಿಂಟ್ ಎರಡೇ ಇದೆ, ಯಾರ ಹತ್ರನಾದ್ರೂ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ರೆ ಅದೂ.